ಗುಡುಗೂ ಮಾತೂ

(ರಾಜ್ಯೋತ್ಸವದ ಅಂಗವಾಗಿ ನಮ್ಮ ಸಂಘ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಲ್ಲುವ ಯೋಗ್ಯತೆ ನನಗಿದೆಯೆಂದು ತಿಳಿದು ನಾನಾಗಿ ಬಂದವನಲ್ಲ. ನಮ್ಮ ಕಾರ್ಯದರ್ಶಿಗಳು ಪಾಸ್‌ಬುಕ್ಕು ತುಂಬಿಸಿಕೊಳ್ಳಲು ಶಾಖೆಗೆ ಬಂದಾಗ, ಕೌಂಟರಿನ ಒಳಗೆ ಸಿಕ್ಕಿಕೊಂಡು ಕೂತಿದ್ದ ನನ್ನನ್ನು ಹಿಡಿದು ಒಪ್ಪಿಸಿಬಿಟ್ಟರು. ವಿಷಯ ಯಾವುದಾದರೂ ಆದೀತು ಎಂದರು. ಒಂದು ಕಾಲಕ್ಕೆ ಗೋದಾವರಿಯವರೆಗೆ ಹಬ್ಬಿದ್ದ ಕನ್ನಡ ನಾಡಿನ ವಿಚಾರವಾಗಿಯೂ, ಎಲ್ಲೋರದ ಕೈಲಾಸವನ್ನು ಕಡೆಯಿಸಿದ ರಾಷ್ಟ್ರಕೂಟರ ಕೃಷ್ಣನ ವಿಚಾರವಾಗಿಯೂ ನನಗಿಂತ ಬಲ್ಲವರು ಪ್ರತಿವರ್ಷ ಇಲ್ಲಿ ಮಾತನಾಡುತ್ತಾರೆ. ನಾನು ಓದಿದ್ದು ಬಿ.ಕಾಂ.; ಮಾಡುವುದು ಗುಮಾಸ್ತಿಕೆ. ಆದುದರಿಂದ ನನಗೆ ಗೊತ್ತಿರುವ ಒಂದು ಮನೆಯ ವಿಚಾರವನ್ನೇ ಎತ್ತಿಕೊಂಡೆ. ‘ಮನೆಯಲ್ಲಿ ಸ್ಪೀಕರುಗಳನ್ನೂ ಸಬ್‌ವೂಫರನ್ನೂ ಇಡುವ ಬಗೆ’ ಎಂದು ಚೀಟಿಯಲ್ಲಿ ಬರೆದುಕೊಟ್ಟಾಗ ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ರಾಜ್ಯೋತ್ಸವಕ್ಕೂ ಇದಕ್ಕೂ ಏನು ಸಂಬಂಧವೆಂದು ಅವರು ಬಾಯಿಬಿಟ್ಟು ಕೇಳಲಿಲ್ಲ, ದೊಡ್ಡವರು.

ಸಂಬಂಧ ಉಂಟು. ಹೊಟ್ಟೆಪಾಡಿಗಾಗಿ ಈ ಕಡೆ ಬಂದ ನಮಗೆ ಆಫೀಸಿನಲ್ಲಿ ಹಿಂದಿ, ಬೀದಿಯಲ್ಲಿ ಮರಾಠಿ. ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಆಟದ ಬಯಲಿನಲ್ಲಿ ಮರಾಠಿ. ನಮ್ಮ ನಾಲಗೆಯದಲ್ಲದ, ಬೇರೆಯವರು ಆಡಿದ ಕನ್ನಡ ನಮ್ಮ ಮಕ್ಕಳ ಕಿವಿಗೆ ಬೀಳುವುದು ಎಲ್ಲಿ? ಊರಿನಿಂದ ಬರುವ ಫೋನಿನಲ್ಲಿ, ಈ ಸಂಘದಲ್ಲಿ, ಮತ್ತು ಪಡಸಾಲೆಯ ಟಿ.ವಿ.ಯಲ್ಲಿ. ಆ ಟಿ.ವಿ.ಯ ಮಾತೇ ಕಿವಿಗೆ ತಲುಪದಂತೆ ಒಂದು ವರ್ಷಕಾಲ ನನ್ನ ಕೈಯಾರೆ ಮಾಡಿಟ್ಟಿದ್ದೆ. ಅದೂ ದುಡ್ಡು ಕೊಟ್ಟು. ಆ ಕಥೆಯನ್ನೇ ಹೇಳುತ್ತೇನೆ.

2021ರಲ್ಲಿ ನಾನು ಈಗಿನ ಛತ್ರಪತಿ ಸಂಭಾಜಿನಗರದಲ್ಲಿದ್ದೆ. ಆಗಿನ್ನೂ ಊರಿಗೆ ಔರಂಗಾಬಾದ್ ಎಂಬ ಹೆಸರೇ ಇತ್ತು. ವೇತನದ ಬಾಕಿ ಹಣ ಒಟ್ಟಿಗೆ ಕೈಗೆ ಬಂತು. ಅಷ್ಟು ದುಡ್ಡು ಒಟ್ಟಿಗೆ ಬಂದಾಗ ಗುಮಾಸ್ತನ ಬುದ್ಧಿ ಸ್ಥಿಮಿತದಲ್ಲಿರುವುದಿಲ್ಲವೆಂಬುದು ಇಲ್ಲಿರುವ ಸಹೋದ್ಯೋಗಿಗಳಿಗೆ ಗೊತ್ತು. ಐದು ಪುಟ್ಟ ಸ್ಪೀಕರುಗಳೂ ಒಂದು ದೊಡ್ಡ ಸಬ್‌ವೂಫರೂ ಇರುವ ಸೆಟ್ಟನ್ನು ತಂದೆ. ಐದು ಪೆಟ್ಟಿಗೆಗಳು ಮಾತನ್ನೂ ಸಂಗೀತವನ್ನೂ ನುಡಿಸುತ್ತವೆ. ಆರನೆಯದು, ಮೇಣದ ಬಣ್ಣದ ಹೆಗ್ಗಣದಂತೆ ನೆಲದ ಮೇಲೆ ಕೂರುವಂಥದು, ಬರಿಯ ಮಂದ್ರವನ್ನು ನುಡಿಸುತ್ತದೆ. ಅಂಗಡಿಯವರು ಬೇಸ್ ಎನ್ನುವುದನ್ನೇ ನಮ್ಮ ಸಂಗೀತಗಾರರು ಮಂದ್ರವೆಂದೂ ಖರ್ಜವೆಂದೂ ಕರೆಯುತ್ತಾರೆ. ತಬಲದ ಜೋಡಿಯನ್ನು ನೆನೆದುಕೊಳ್ಳಿ. ಬಲಗೈಯದು ತಬಲ, ಎಡಗೈಯದು ಡಗ್ಗಾ. ಸಬ್‌ವೂಫರೆಂದರೆ ಮನೆಯ ಡಗ್ಗಾ. ಡಗ್ಗಾ ಇಲ್ಲದ ತಬಲ ಟಕಟಕ ಎನ್ನುತ್ತದೆ. ಡಗ್ಗಾ ಹೆಚ್ಚಾದರೆ ಬೋಲು ತಿಳಿಯುವುದಿಲ್ಲ.

ಸಂಭಾಜಿನಗರದ ಮನೆಯ ಪಡಸಾಲೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಸಬ್‌ವೂಫರನ್ನು ಮೂಲೆಗೆ ಇಟ್ಟೆ. ಏಕೆಂದು ಕೇಳಿದರೆ, ವೈರು ಅಲ್ಲಿಯವರೆಗೆ ಬರುತ್ತಿತ್ತು, ಬೇರೆ ಕಾರಣವಿಲ್ಲ. ಸೋಫಾ ಹಿಂಗೋಡೆಗೆ ಆತುಕೊಂಡಿತ್ತು. ಗುಂಡಿ ಒತ್ತಿದೊಡನೆ ಎದೆ ನಡುಗುವ ಗುಡುಗು! ಬಂದ ನೆಂಟರೆಲ್ಲ ಭಲೆ ಎಂದರು. ನನಗೂ ಹೆಮ್ಮೆಯಾಯಿತು. ಭಲೆ ಎನ್ನದವರು ಕೆಳಮನೆಯ ಆಜಿ ಒಬ್ಬರೇ. ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕು, ತಮ್ಮ ಅಡಿಗೆಮನೆಯ ಮಾಂಡಣಿಯಲ್ಲಿ ಸ್ಟೀಲಿನ ತಾಟುಗಳು ರಾತ್ರಿ ಒಂಬತ್ತಕ್ಕೆ ತಮ್ಮಷ್ಟಕ್ಕೆ ಮಾತನಾಡುತ್ತವೆಂದು ಬಹಳ ಮರ್ಯಾದೆಯಿಂದ ಹೇಳಿದರು. ನಾನು ಸದ್ದು ಕಡಮೆ ಮಾಡಿದೆ. ಆಮೇಲೂ ತಾಟುಗಳು ಮಾತನಾಡಿದವು. ನನಗೆ ಮಾತ್ರ ಸಿನಿಮಾದ ಮಾತು ಕೇಳಿಸದಾಯಿತು.

ಇದು ಹೇಗೆಂಬುದು ಆಗ ನನಗೆ ಹೊಳೆಯಲಿಲ್ಲ. ನಾಸಿಕದವರಾದ ನಿಮಗೆ ತಿಳಿಸುವುದು ಸುಲಭ. ನಾಸಿಕ ಢೋಲಿನ ತಂಡ ಎರಡು ಬೀದಿಯಾಚೆ ಬರುತ್ತಿರುವಾಗ ಮನೆಯೊಳಗೆ ಕಿಟಕಿ ಮುಚ್ಚಿ ಕೂತು ಕೇಳಿ ನೋಡಿ. ತಾಶೆಯ ಚಟಚಟ ಸದ್ದು ಗೋಡೆಯಾಚೆಯೇ ನಿಲ್ಲುತ್ತದೆ. ಢೋಲಿನ ಧಮಧಮ ಮಾತ್ರ ಗೋಡೆಯೇ ಇಲ್ಲವೆಂಬಂತೆ ಒಳಗೆ ಬರುತ್ತದೆ. ತೆಳುಧ್ವನಿಯನ್ನು ಗೋಡೆ ತಡೆಯುತ್ತದೆ, ಪರದೆ ಹೀರುತ್ತದೆ. ಮಂದ್ರಧ್ವನಿಗೆ ಇವು ಯಾವುವೂ ಲೆಕ್ಕಕ್ಕಿಲ್ಲ. ಆಜಿಯ ಮನೆಗೆ ನನ್ನ ಸಿನಿಮಾದ ಢೋಲು ಮಾತ್ರ ಇಳಿಯುತ್ತಿತ್ತು.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಗಣೇಶನ ಮೆರವಣಿಗೆಯಲ್ಲಿ ಲಾರಿಯ ಮೇಲೆ ಬರುವ ಪೆಟ್ಟಿಗೆಗಳ ಗೋಡೆಗೆ ಈ ಸೀಮೆಯಲ್ಲಿ ‘ಡಾಲ್ಬಿ’ ಎನ್ನುವವರುಂಟು. ರೇ ಡಾಲ್ಬಿ ಎಂಬ ಮಹಾಶಯನು 1965ರಲ್ಲಿ ಲಂಡನ್ನಿನಲ್ಲಿ ಕಂಪನಿ ತೆರೆದು ಮೊಟ್ಟಮೊದಲು ಮಾಡಿದ್ದು ಟೇಪಿನ ಸುಯ್ ಎಂಬ ಗದ್ದಲವನ್ನು ಅಡಗಿಸುವ ಯಂತ್ರವನ್ನು! ಪಾಪ, ಅವನ ಹೆಸರಿಗೆ ನಾವು ಮಾಡಿದ ಗೌರವ ಇದು.

2023ರಲ್ಲಿ ನನಗೆ ನಾಸಿಕಕ್ಕೆ ವರ್ಗವಾಯಿತು. ಸಾಮಾನಿನ ಲಾರಿಯಲ್ಲಿ ಈ ಪೆಟ್ಟಿಗೆಗಳೂ ಬಂದವು. ಇಲ್ಲಿಯ ಪಡಸಾಲೆ ದೊಡ್ಡದು, 16 ಅಡಿ ಉದ್ದ, 11 ಅಡಿ ಅಗಲ. ಸೋಫಾವನ್ನು ನಡುಮಧ್ಯದಲ್ಲಿಟ್ಟು ಅದರ ಹಿಂದೆ ಊಟದ ಮೇಜು ಹಾಕಿದೆವು. ಸಬ್‌ವೂಫರು ಎಂದಿನಂತೆ ಟಿ.ವಿ. ಪಕ್ಕದ ಮೂಲೆಗೆ ಹೋಯಿತು. ಗುಂಡಿ ಒತ್ತಿದೆ. ಗುಡುಗೇ ಇಲ್ಲ! ಅದೇ ಯಂತ್ರ, ಅದೇ ಸಿನಿಮಾ. ಪೆಟ್ಟಿಗೆ ದಾರಿಯಲ್ಲಿ ಕೆಟ್ಟಿತೆಂದು ಲಾರಿಯವನನ್ನು ಮನಸಾರೆ ಬೈದೆ. ಅಂಗಡಿಯೊಂದಕ್ಕೆ ಒಯ್ದು ತೋರಿಸಿದೆ. ಅವರು ತಿರುಗಿಸಿ ಮುರುಗಿಸಿ ನೋಡಿ, ದೊಡ್ಡ ಮನೆಗೆ ದೊಡ್ಡ ಪೆಟ್ಟಿಗೆ ಬೇಕು ಸಾಹೇಬರೇ ಎಂದರು. ಬೆಲೆ ಕೇಳಿ ಎದ್ದುಬಂದೆ. ಬಂದವನು ಗುಂಡಿಯನ್ನು ಇನ್ನಷ್ಟು ತಿರುಗಿಸಿದೆ, ಮತ್ತಷ್ಟು ತಿರುಗಿಸಿದೆ. ಸೋಫಾದ ಮೇಲೆ ಕೂತವನಿಗೆ ತಕ್ಕಮಟ್ಟಿಗೆ ಕೇಳಿಸತೊಡಗಿತು. ಅಡಿಗೆಮನೆಯಿಂದ ನನ್ನ ಹೆಂಡತಿ, ‘ರೀ, ಕುಕ್ಕರಿನ ಮುಚ್ಚಳ ಕುಣೀಲಿಕ್ಕೆ ಹತ್ಯದ’ ಎಂದಳು. ಮುಚ್ಚಳ ಸರಿಯಾಗಿ ಹಾಕು ಎಂದೆ.

ಆ ಚಳಿಗಾಲದಲ್ಲಿ ನಮ್ಮ ತಂದೆಯವರು ಇಂಡಿ ತಾಲೂಕಿನ ನಮ್ಮ ಹಳ್ಳಿಯಿಂದ ಬಂದು ನಮ್ಮಲ್ಲಿ ಉಳಿದರು. ಅವರ ಕಾಲದಲ್ಲಿ ಮನೆಯ ಕನ್ನಡವೆಂದರೆ ಧಾರವಾಡ ಆಕಾಶವಾಣಿ. 1950ರಲ್ಲಿ ಆರಂಭವಾದ ಆ ನಿಲಯದ ನಾಟಕಗಳನ್ನು ಗುಡಿಯ ಕಟ್ಟೆಯ ಮೇಲಿನ ಒಂದು ಮರದ ಪೆಟ್ಟಿಗೆಯ ರೇಡಿಯೋದ ಸುತ್ತ ಅರ್ಧ ಊರು ಕೂತು ಕೇಳುತ್ತಿತ್ತಂತೆ. ಅವರಿಗಾಗಿ ಆರಾಮ ಕುರ್ಚಿಯನ್ನು ಹಿಂಗೋಡೆಗೆ ಒತ್ತಿ, ಅಡಿಗೆಮನೆಯ ಬಾಗಿಲ ಪಕ್ಕಕ್ಕೆ ಹಾಕಿದ್ದೆವು. ಅವರಿಗೆ ಕಾಲು ಚಾಚಲು ಅನುಕೂಲ, ಚಹಾ ಕೊಡಲು ನಮಗೆ ಅನುಕೂಲ. ಮೊದಲ ವಾರ ‘ಬಬ್ರುವಾಹನ’ ಹಾಕಿದೆ. 1977ರ ಚಿತ್ರ, ಅರ್ಜುನನೂ ರಾಜಕುಮಾರರೇ, ಬಬ್ರುವಾಹನನೂ ರಾಜಕುಮಾರರೇ. ಅಪ್ಪ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಂದೊಂದಾಗಿ ಹೊಸ ಚಿತ್ರಗಳನ್ನು ಹಾಕಿದೆ, ‘ಕಾಂತಾರ’ವನ್ನೂ ಹಾಕಿದೆ. ಅವರು ಹತ್ತು ನಿಮಿಷ ಕೂತು ಎದ್ದು ಮೊಬೈಲನ್ನು ಕಿವಿಗೆ ಹಚ್ಚಿಕೊಂಡು ಬಾಲ್ಕನಿಗೆ ಹೋಗತೊಡಗಿದರು. ವಯಸ್ಸಾಯಿತು, ಆಸಕ್ತಿ ಕುಂದಿತು ಎಂದುಕೊಂಡೆವು. ಕೆಲವು ತಿಂಗಳು ಹೀಗೆಯೇ ಕಳೆದವು. ಕೊನೆಗೆ ಒಂದು ಸಂಜೆ ನಾನೇ ಕೇಳಿದೆ. ಅಪ್ಪ ಹೇಳಿದರು: ‘ಗುಡಗ ಕೇಳಸ್ತದೋ ತಮ್ಮಾ. ಮಾತ ಕೇಳಸೂದಿಲ್ಲ.’

ನಾನು ಅದನ್ನು ಅವರ ಕಿವಿಯ ದೋಷವೆಂದೇ ತಿಳಿದೆ. ಕಿವಿಯ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ವಯಸ್ಸಿಗೆ ತಕ್ಕ ಮಂದವಷ್ಟೇ, ಇನ್ನೇನೂ ಇಲ್ಲವೆಂದರು. ವಯಸ್ಸಾದಂತೆ ಮೊದಲು ಹೋಗುವುದು ತೆಳುಧ್ವನಿಯ ಕೇಳಿಕೆ. ಮಂದ್ರ ಬಹುಕಾಲ ಉಳಿಯುತ್ತದೆ ಎಂದು ತಿಳಿಸಿದರು. ಮಾತಿನ ಸ್ವರಗಳು ಕೆಳಗಿನ ಸ್ಥಾಯಿಯಲ್ಲಿರುತ್ತವೆ. ತ, ಟ, ಸ, ಶ, ಕ, ಖ ಇವುಗಳ ಭೇದವೆಲ್ಲ ಸೆಕೆಂಡಿಗೆ ಎರಡು ಸಾವಿರ, ನಾಲ್ಕು ಸಾವಿರ ಕಂಪನಗಳ ಮೇಲುಸ್ಥಾಯಿಯಲ್ಲಿರುತ್ತದೆ. ಅದರ ಮೇಲೆ ಇನ್ನೊಂದು ತೊಡಕು: ಬಲವಾದ ಮಂದ್ರಧ್ವನಿ ತನಗಿಂತ ಮೇಲಿನ ಸಣ್ಣ ಧ್ವನಿಗಳನ್ನು ಕಿವಿಯೊಳಗೇ ಮುಚ್ಚಿಬಿಡುತ್ತದೆ. ಮುದುಕರ ಕಿವಿಗೆ ಮೊದಲೇ ಅರ್ಧ ಬರುತ್ತಿರುವ ವ್ಯಂಜನಗಳ ಮೇಲೆ ನಾವು ಕಂಬಳಿ ಹೊದಿಸಿದಂತಾಯಿತು. ಎಲ್ಲೋರದ ಹತ್ತನೆಯ ಗುಹೆಯನ್ನು ನೋಡಿದ್ದೀರಿ. ಕಲ್ಲಿನಲ್ಲೇ ಮರದ ತೊಲೆಗಳಂತೆ ಕಡೆದ ಕಮಾನು ಮಾಳಿಗೆ. ಅಲ್ಲಿ ಯಾರಾದರೂ ಓಂಕಾರ ಹಾಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅಲ್ಲಿ ನಿಂತು ದೂರದಿಂದ ಏನಾದರೂ ವಿಳಾಸ ಕೇಳಿ ನೋಡಿ. ನಾದ ಉಳಿಯುತ್ತದೆ, ಅಕ್ಷರ ಕರಗುತ್ತದೆ.

ಗುಟ್ಟು ತಿಳಿದದ್ದು ನೀರಡಿಕೆಯಿಂದ. ಒಂದು ರಾತ್ರಿ ಚಿತ್ರ ನಡೆದಿರುವಾಗಲೇ ನೀರು ಕುಡಿಯಲು ಎದ್ದು ಅಡಿಗೆಮನೆಯ ಬಾಗಿಲಿಗೆ ಹೋದೆ. ಅಲ್ಲಿ ಅಪ್ಪನ ಖಾಲಿ ಕುರ್ಚಿಯ ಬಳಿ ನಿಂತಾಗ ಕಿವಿಯಲ್ಲಿ ಗುಡುಗೇ ಗುಡುಗು. ಸೋಫಾದ ಮೇಲೆ ಇಲ್ಲದ ಮಂದ್ರವೆಲ್ಲ ಅಲ್ಲಿ ಗುಡ್ಡೆಬಿದ್ದಿತ್ತು. ನಾನು ನನಗೆ ಸಾಲದೆಂದು ಗುಂಡಿ ತಿರುಗಿಸಿದಷ್ಟೂ ಅದು ಅಪ್ಪನ ತಲೆಯ ಮೇಲೆ ಬಿದ್ದಿತ್ತು. ನೀರು ಕುಡಿಯುವುದನ್ನು ಮರೆತು ಅಲ್ಲೇ ನಿಂತೆ.

ಮಾರನೆಯ ದಿನದಿಂದ ಓದತೊಡಗಿದೆ. ಲೆಕ್ಕ ಬ್ಯಾಂಕಿನವನಿಗೆ ಹೆದರಿಕೆಯಲ್ಲ. ಧ್ವನಿ ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. ಸೆಕೆಂಡಿಗೆ 35 ಸಲ ಕಂಪಿಸುವ ಮಂದ್ರದ ಒಂದು ಅಲೆಯ ಉದ್ದ 1130ನ್ನು 35ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 32 ಅಡಿ. ನನ್ನ ಪಡಸಾಲೆ 16 ಅಡಿ. ಸರಿಯಾಗಿ ಅದರ ಅರ್ಧ! ಅಲೆಯ ಅರ್ಧ ಉದ್ದಕ್ಕೆ ಗೋಡೆ ಸಿಕ್ಕಿದಾಗ ಹೋದ ಅಲೆಯೂ ತಿರುಗಿ ಬಂದ ಅಲೆಯೂ ಒಂದರ ಮೇಲೊಂದು ಕೂತು ಕೋಣೆಯಲ್ಲಿ ನಿಂತುಬಿಡುತ್ತವೆ. ಗೋಡೆಯ ಬಳಿ ಅದರ ಒತ್ತಡ ಎಲ್ಲಕ್ಕಿಂತ ಹೆಚ್ಚು; ನಡುಮಧ್ಯದಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ಕಡಮೆ. 11 ಅಡಿಯ ಅಗಲಕ್ಕೂ ಇದೇ ಲೆಕ್ಕ: 1130ನ್ನು 22ರಿಂದ ಭಾಗಿಸಿದರೆ 51 ಕಂಪನ. ಉದ್ದಕ್ಕೂ ಮಧ್ಯ, ಅಗಲಕ್ಕೂ ಮಧ್ಯವಾದ ಜಾಗವೊಂದು ಕೋಣೆಯಲ್ಲಿದ್ದರೆ ಅಲ್ಲಿ ಈ ಎರಡೂ ಸ್ವರಗಳಿಗೆ ಬರಗಾಲ. ಯಜಮಾನ ಕೂರುವ ಸೋಫಾದ ನಡು ಆಸನವನ್ನು ನಾನು ಇಟ್ಟಿದ್ದು ಅಲ್ಲೇ. ಸಂಭಾಜಿನಗರದ ಮನೆಯಲ್ಲಿ ಸೋಫಾ ಗೋಡೆಗೆ ಹತ್ತಿತ್ತು; ಅಲ್ಲದೆ ಅಗಲವೂ ಎತ್ತರವೂ 10 ಅಡಿಯೇ ಆದ್ದರಿಂದ 56 ಕಂಪನದ ಸ್ವರ ಎರಡು ದಿಕ್ಕಿನಿಂದಲೂ ಕೂಡಿ ಬೋರ್ಗರೆಯುತ್ತಿತ್ತು. ಪೆಟ್ಟಿಗೆ ಎರಡೂ ಊರಿನಲ್ಲಿ ಸರಿಯಾಗಿಯೇ ಇತ್ತು. ಲಾರಿಯವನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ವಿಜಾಪುರದ ಕಡೆಯವರು ಗೋಳಗುಮ್ಮಟದ ವಿಚಾರ ಕೇಳುವಿರಿ. ಅಲ್ಲಿಯೂ ಧ್ವನಿ ಗೋಡೆಗೆ ಬಡಿದು ಬರುವುದೇ ತಾನೆ? ಬರುವುದು ನಿಜ. ಆದರೆ ಆ ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ಹೋಗಿ ಬರಲು ಧ್ವನಿಗೆ ಸೆಕೆಂಡಿನ ಐದನೆಯ ಒಂದು ಪಾಲಿಗಿಂತ ಹೆಚ್ಚು ಬೇಕು. ಆದುದರಿಂದ ಕಿವಿ ಅದನ್ನು ಬೇರೆ ಧ್ವನಿಯೆಂದೇ ಎಣಿಸುತ್ತದೆ, ನಾವು ಪ್ರತಿಧ್ವನಿಯೆನ್ನುತ್ತೇವೆ. ನಮ್ಮ ಪಡಸಾಲೆಯಲ್ಲಿ ಹೋಗಿ ಬರಲು ಅದರ ಏಳೆಂಟನೆಯ ಒಂದು ಪಾಲು ಹೊತ್ತು. ಕಿವಿಗೆ ಬಿಡಿಸಿ ಎಣಿಸಲು ಸಮಯವಿಲ್ಲ. ಎಲ್ಲವೂ ಒಂದೇ ಸ್ವರವಾಗಿ ಕೂಡಿಕೊಂಡು ಕೆಲವು ಕಡೆ ಉಬ್ಬುತ್ತದೆ, ಕೆಲವು ಕಡೆ ಬತ್ತುತ್ತದೆ. ಗುಮ್ಮಟದ ಗುಣ ನಮ್ಮೆಲ್ಲರ ಮನೆಯಲ್ಲಿಯೂ ಇದೆ. ಹೇಳದೆ ಇದೆ, ಅಷ್ಟೆ.

ಇನ್ನು ಉಪಾಯ. ಇದಕ್ಕೆ ಪಾಶ್ಚಾತ್ಯರು ಕಂಡುಕೊಂಡ ಕ್ರಮವೊಂದಿದೆ. ಕೇಳಿದರೆ ನಗು ಬರುತ್ತದೆ. ಸಬ್‌ವೂಫರನ್ನು ಎತ್ತಿ, ನೀವು ಕೂರುವ ಸೋಫಾದ ಮೇಲೆ ನಿಮ್ಮ ಜಾಗದಲ್ಲಿ ಅದನ್ನು ಕೂರಿಸಬೇಕು. ಮಂದ್ರ ಬಹಳವಿರುವ ಒಂದು ಹಾಡನ್ನು ನಡೆಸಬೇಕು. ಆಮೇಲೆ ನೀವು ನೆಲದ ಮೇಲೆ ಅಂಬೆಗಾಲಿಡುತ್ತ, ಕಿವಿ ನೆಲದ ಮಟ್ಟಕ್ಕೆ ತಂದು, ಗೋಡೆಯುದ್ದಕ್ಕೂ ಕೇಳುತ್ತ ಹೋಗಬೇಕು. ಎಲ್ಲಿ ಬೋರ್ಗರೆಯದೆ, ಬತ್ತದೆ, ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆಯೋ ಅಲ್ಲಿ ಸಬ್‌ವೂಫರನ್ನು ಇಡಬೇಕು. ಧ್ವನಿಗೆ ಹೋಗುವ ದಾರಿಯೂ ಬರುವ ದಾರಿಯೂ ಒಂದೇ ಆದ್ದರಿಂದ, ಅಲ್ಲಿಂದ ನುಡಿಸಿದರೆ ಸೋಫಾದ ಮೇಲೆ ಹಾಗೆಯೇ ಕೇಳುತ್ತದೆ. ಒಂದು ಭಾನುವಾರ ನಾನು ಹೀಗೆ ಹೊರಟಾಗ ನನ್ನ ಏಳು ವರ್ಷದ ಮಗಳು ಕುದುರೆಯೆಂದು ಬೆನ್ನೇರಿದಳು. ಹೆಂಡತಿ ಬಾಗಿಲು ಹಾಕಿದಳು, ನೆರೆಯವರು ಕಂಡಾರೆಂದು. ಅಪ್ಪ ಮಾತ್ರ ಬಾಲ್ಕನಿಯಿಂದ ಒಳಗೆ ಬಂದು ಕೂತು ಮುಗಿಯುವವರೆಗೂ ನೋಡಿದರು.

ಸಿಕ್ಕ ಜಾಗ ಎದುರುಗೋಡೆಯ ಬಳಿ, ಮೂಲೆಯಿಂದ 4 ಅಡಿ ಈಚೆಗೆ. ಮೂಲೆಯಲ್ಲಿ ಮಂದ್ರಕ್ಕೆ ಬಲ ಹೆಚ್ಚೆಂಬುದು ನಿಜ. ಆದರೆ ಕೋಣೆಯ ದೋಷಗಳನ್ನೆಲ್ಲ ಎಬ್ಬಿಸುವ ಬಲವೂ ಅಲ್ಲಿಯೇ ಹೆಚ್ಚು. ಆಮೇಲೆ ಸೋಫಾವನ್ನು ಎರಡು ಅಡಿ ಹಿಂದಕ್ಕೆ ಸರಿಸಿದೆ. ಎದುರುಗೋಡೆಯಿಂದ ಅದು ಈಗ 10 ಅಡಿಯಲ್ಲಿದೆ. ನಡುವಿನ ಬರಗಾಲವೂ ಇಲ್ಲ, ಗೋಡೆಯ ಪ್ರವಾಹವೂ ಇಲ್ಲ. ಇದರಿಂದ ಊಟದ ಮೇಜಿಗೆ ಜಾಗ ಸಾಲದಾಗಿ ಮನೆಯಲ್ಲಿ ಎರಡು ದಿನ ಮೌನವಿತ್ತು. ಮೇಜನ್ನು ಅಡ್ಡ ತಿರುಗಿಸಿದ ಮೇಲೆ ಮಾತು ಬಂತು. ಅಪ್ಪನ ಕುರ್ಚಿಯನ್ನು ಹಿಂಗೋಡೆಯಿಂದ ಬಿಡಿಸಿ ಸೋಫಾದ ಪಕ್ಕಕ್ಕೆ ತಂದೆ. ನಿಜ ಹೇಳಬೇಕೆಂದರೆ ಮಾಡಿದ ಕೆಲಸಗಳಲ್ಲೆಲ್ಲ ಇದೇ ದೊಡ್ಡದು. ಬಂದದ್ದು ಖರ್ಚಿಲ್ಲದೆ, ಹೊಳೆಯಲು ಹಿಡಿದದ್ದು ಒಂದು ವರ್ಷ.

ಕಿವಿಯನ್ನು ಮಾತ್ರ ನಂಬಿ ಬಿಡಲು ಮನಸ್ಸಾಗಲಿಲ್ಲ. ಕಿರ್ದಿ ಬರೆದವನ ಕೈ. ಧ್ವನಿ ಅಳೆಯುವ ಆ್ಯಪನ್ನು ಮೊಬೈಲಿಗೆ ಹಾಕಿಕೊಂಡು, 30 ಕಂಪನದಿಂದ 100ರವರೆಗೆ ಐದೈದರಂತೆ ಸ್ವರ ನುಡಿಸಿ, ಸೋಫಾದ ಮೇಲೊಂದು ಅಂಕಿ, ಅಪ್ಪನ ಕುರ್ಚಿಯಲ್ಲೊಂದು ಅಂಕಿ ಬರೆದೆ. ಹಳೆಯ ಜೋಡಣೆಯಲ್ಲಿ 35ರ ಸ್ವರ ಸೋಫಾದಲ್ಲಿ 58 ಡೆಸಿಬೆಲ್, ಕುರ್ಚಿಯಲ್ಲಿ 79 ತೋರಿಸಿತ್ತು. ಹೊಸ ಜೋಡಣೆಯಲ್ಲಿ ಎರಡು ಕಡೆಯ ಅಂತರ ಐದಕ್ಕಿಂತ ಹೆಚ್ಚಲಿಲ್ಲ. ಶಿಲ್ಕು ಪೂರಾ ತಾಳೆಯಾಗಲಿಲ್ಲ. ಆದರೆ ಈ ವ್ಯಾಪಾರದಲ್ಲಿ ಪೂರಾ ತಾಳೆಯಾಗುವುದು ಎಂದಿಗೂ ಇಲ್ಲ. ಒಂದು ಎಚ್ಚರಿಕೆ: ಮೊಬೈಲಿನ ಮೈಕು ಮನುಷ್ಯರ ಮಾತಿಗೆ ಮಾಡಿದ್ದು, ಮಂದ್ರವನ್ನು ಕಡಮೆ ತೋರಿಸುತ್ತದೆ. ಆದ್ದರಿಂದ ಒಂದೇ ಸ್ವರಕ್ಕೆ ಎರಡು ಆಸನಗಳ ನಡುವಿನ ವ್ಯತ್ಯಾಸವನ್ನು ನಂಬಿರಿ, ಅಂಕಿಯನ್ನು ನಂಬಬೇಡಿ.

ಯಂತ್ರದೊಳಗಿನ ತಿರುಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಯಾವ ಸ್ವರದಿಂದ ಕೆಳಗಿನದನ್ನು ಸಬ್‌ವೂಫರಿಗೆ ಒಪ್ಪಿಸಬೇಕೆಂಬ ಗಡಿಗೆ ಕ್ರಾಸ್‌ಓವರ್ ಎನ್ನುತ್ತಾರೆ. ಸಿನಿಮಾ ಧ್ವನಿಯಲ್ಲಿ ಬಲ್ಲವರು ಈ ಗಡಿಯನ್ನು ಸಾಮಾನ್ಯವಾಗಿ 80 ಕಂಪನಕ್ಕೆ ಇಡುತ್ತಾರೆ. ಅದಕ್ಕಿಂತ ಕೆಳಗಿನ ಧ್ವನಿ ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಕಿವಿ ಗುರುತಿಸಲಾರದು. ನನ್ನ ಪುಟ್ಟ ಪೆಟ್ಟಿಗೆಗಳು ಅಷ್ಟು ಕೆಳಗೆ ಇಳಿಯಲಾರವು, ಆದ್ದರಿಂದ 120ಕ್ಕೆ ಇಟ್ಟೆ. ಹಾಗೆ ಇಟ್ಟಾಗ ದಿಕ್ಕು ತಿಳಿಯತೊಡಗುತ್ತದೆ. ಆದುದರಿಂದ ಸಬ್‌ವೂಫರು ಟಿ.ವಿ.ಯ ಬಳಿಯೇ ಇರಬೇಕು, ಬೆನ್ನ ಹಿಂದೆ ಇಟ್ಟರೆ ನಾಯಕ ಮುಂದೆ ಮಾತನಾಡಿ ಅವನ ಎದೆ ಹಿಂದೆ ಮಾತನಾಡುತ್ತದೆ. ರಿಸೀವರಿನಲ್ಲಿ ಗಡಿ ಹಾಕಿದ ಮೇಲೆ ಸಬ್‌ವೂಫರಿನ ಬೆನ್ನಿನ ಗಡಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಡಿ. ಒಂದೇ ಚೆಕ್ಕಿಗೆ ಎರಡು ಸಲ ಹಣ ಕಡಿಯಬಾರದಷ್ಟೆ. ಫೇಸ್ ಎಂಬ ಚಿಕ್ಕ ಸ್ವಿಚ್ಚಿನಲ್ಲಿ 0, 180 ಎಂದಿರುತ್ತದೆ. ಕೂತ ಜಾಗದಲ್ಲಿ ಯಾವುದಕ್ಕೆ ಮಂದ್ರ ತುಂಬಿ ಕೇಳುವುದೋ ಅದು ಸರಿ. ಎಲ್ಲ ಪೆಟ್ಟಿಗೆಗಳ ಸದ್ದನ್ನೂ ಆಸನದಲ್ಲಿ ಸಮವಾಗಿ ಅಳೆದಿಟ್ಟು, ಆಮೇಲೆ ಸಬ್‌ವೂಫರನ್ನು ಒಂದು ಕೂದಲೆಳೆ ಇಳಿಸಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ನಡುವಣ ಸ್ಪೀಕರು. ಸಿನಿಮಾದ ಮಾತಿನಲ್ಲಿ ಬಹುಪಾಲು ಬರುವುದು ಅದೊಂದರಿಂದಲೇ. ನಮ್ಮಲ್ಲಿ ಅದನ್ನು ಟಿ.ವಿ.ಯ ಕೆಳಗೆ, ಮೇಜಿನ ಒಳಗೆ, ಗಣಪತಿಯ ಫೋಟೋದ ಹಿಂದೆ ತುರುಕಿರುತ್ತೇವೆ. ಮೊಣಕಾಲಿಗೆ ಕನ್ನಡ ಕೇಳಿಸಿ ಫಲವೇನು? ಅದನ್ನು ಮೇಜಿನ ಅಂಚಿಗೆ ತಂದು, ಮುಂದೆ ಒಂದು ಸಣ್ಣ ಮರದ ತುಂಡು ಕೊಟ್ಟು, ಮುಖ ಮೇಲೆತ್ತಿ ಕಿವಿಯ ಕಡೆಗೆ ತಿರುಗಿಸಿದೆ. ಸದ್ದನ್ನು ಮೂರು ಡೆಸಿಬೆಲ್ ಏರಿಸಿದೆ.

ಪರದೆ ಕಟ್ಟಿದರೆ ಮಂದ್ರ ತಗ್ಗುವುದೆಂದು ಅಂಗಡಿಗಳಲ್ಲಿ ಹೇಳುತ್ತಾರೆ. ತಗ್ಗುವುದಿಲ್ಲ. 32 ಅಡಿಯ ಅಲೆಗೆ ತೆಳುಬಟ್ಟೆ ಯಾವ ಲೆಕ್ಕ? ಹತ್ತಿಯ ಗಾದಿಗಳನ್ನು ಮೂಲೆಯಲ್ಲಿ ಒಟ್ಟಿದರೆ ಅಷ್ಟಿಷ್ಟು ಪ್ರಯೋಜನವುಂಟು, ಮಂದ್ರದ ಮೇಲುಭಾಗಕ್ಕೆ. ದುಡ್ಡು ಖರ್ಚು ಮಾಡಲೇಬೇಕೆಂಬ ಹಟವುಳ್ಳವರು ಒಂದು ದೊಡ್ಡ ಸಬ್‌ವೂಫರಿನ ಬದಲು ಎರಡು ಚಿಕ್ಕವನ್ನು ಕೊಂಡು ಎದುರುಬದಿರು ಗೋಡೆಗಳ ನಡುಮಧ್ಯದಲ್ಲಿ ಇಡಲಿ. 2002ರಲ್ಲಿ ಅಮೆರಿಕದ ಟಾಡ್ ವೆಲ್ಟಿ ಎಂಬ ಇಂಜಿನಿಯರರು ಇದನ್ನು ಪರೀಕ್ಷಿಸಿ, ಎಷ್ಟೋ ಪೆಟ್ಟಿಗೆಗಳನ್ನು ಗುಡ್ಡೆಹಾಕದೆಯೂ ಇಂಥ ಜೋಡಿ ಹಲವು ಆಸನಗಳಿಗೆ ಸಾಕಷ್ಟು ಸಮನಾದ ಮಂದ್ರ ಕೊಡುವುದೆಂದು ತೋರಿಸಿದರು. ನಾನಿನ್ನೂ ಕೊಂಡಿಲ್ಲ, ಬಾಕಿ ಹಣ ಮುಗಿದಿದೆ.

ರಾತ್ರಿಯ ವಿಚಾರವೂ ಇದೆ. ಸದ್ದು ತಗ್ಗಿಸಿದೊಡನೆ ಮಂದ್ರ ಮಾಯವಾದಂತೆ ತೋರುತ್ತದೆ. ಯಂತ್ರದ ತಪ್ಪಲ್ಲ, ನಮ್ಮ ಕಿವಿಯ ಸ್ವಭಾವ. 1933ರಲ್ಲಿಯೇ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಇದನ್ನು ಅಳೆದು ತೋರಿಸಿದರು. ಮೆಲುದನಿಯಲ್ಲಿ ಕಿವಿ ಮಂದ್ರವನ್ನು ಅಷ್ಟಾಗಿ ಗಣಿಸುವುದಿಲ್ಲ. ಆಗ ಮಂದ್ರದ ಗುಂಡಿ ಏರಿಸುವ ಆಸೆಯಾಗುತ್ತದೆ. ನಮಗೆ ಸಾಲದ ಆ ಮಂದ್ರವೇ ಕೆಳಮನೆಯ ತಾಟುಗಳನ್ನು ಎಬ್ಬಿಸುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ಹತ್ತಾದ ಮೇಲೆ ನಮ್ಮ ಮನೆಯಲ್ಲಿ ಸಬ್‌ವೂಫರಿನ ವಿದ್ಯುತ್ತನ್ನೇ ತೆಗೆದುಬಿಡುತ್ತೇನೆ. ಅದರ ಕೆಳಗೆ ದಪ್ಪ ರಬ್ಬರಿನ ಚಾಪೆಯನ್ನೂ ಹಾಸಿದ್ದೇನೆ. ನೆಲಕ್ಕೆ ನೇರವಾಗಿ ಇಳಿಯುವ ನಡುಕ ಅದರಿಂದ ಸ್ವಲ್ಪ ತಗ್ಗುತ್ತದೆ, ಗಾಳಿಯಲ್ಲಿ ಹೋಗುವುದು ತಗ್ಗುವುದಿಲ್ಲ. ಸಂಭಾಜಿನಗರದ ಆಜಿಗೆ ಫೋನು ಮಾಡಿ ಇದನ್ನೆಲ್ಲ ತಿಳಿಸಿದೆ. ಈಗ ತಮ್ಮ ಮೇಲುಮನೆಗೆ ಬಂದವರು ಭಜನೆ ಮಾಡುತ್ತಾರೆಂದೂ ಅವರಿಗೂ ಒಂದು ಚಾಪೆ ಕಳಿಸಬೇಕೆಂದೂ ಅವರು ಹೇಳಿದರು.

ಹಳೆಯ ಚಿತ್ರ ಹಾಕುವವರಿಗೆ ಒಂದು ಮಾತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತಾದರೂ ಅದರ ಮಾತುಗಳನ್ನು ಹಿಡಿದದ್ದು ಈ ಮಹಾರಾಷ್ಟ್ರದಲ್ಲೇ, ಕೊಲ್ಹಾಪುರದ ಸ್ಟುಡಿಯೋದಲ್ಲಿ. ಆ ಕಾಲದಿಂದ ಬಹುಕಾಲದವರೆಗೆ ನಮ್ಮ ಚಿತ್ರಗಳ ಧ್ವನಿಪಟ್ಟಿಯಲ್ಲಿ ಇದ್ದದ್ದು ಒಂದೇ ದಾರಿ, ಮತ್ತು ಅದರಲ್ಲಿ ಮಾತಿಗೇ ಅಗ್ರಸ್ಥಾನ. ಇಂಥವನ್ನು ಆರು ಪೆಟ್ಟಿಗೆಗೂ ಹಂಚಿ ಚಿತ್ರಹಿಂಸೆ ಕೊಡಬೇಡಿ. ನಡುವಣ ಸ್ಪೀಕರೊಂದೇ ಸಾಕು. ಸಬ್‌ವೂಫರಿಗೆ ಆ ದಿನ ರಜೆ.

ಹಾಗೆಯೇ ಮಾಡಿ ‘ಬಬ್ರುವಾಹನ’ವನ್ನು ಮತ್ತೊಮ್ಮೆ ಹಾಕಿದೆ. ತಂದೆಗೂ ಮಗನಿಗೂ ಮಾತಿನ ಯುದ್ಧ ನಡೆಯುವ ಭಾಗ ಬಂತು. ಅಪ್ಪ ಕಾಲು ಮಡಿಚಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತರು. ನಟರಿಗಿಂತ ಅರ್ಧ ಗಳಿಗೆ ಮೊದಲೇ ಅವರ ತುಟಿ ಅಲುಗುತ್ತಿತ್ತು. ಊರ ಟೆಂಟಿನಲ್ಲಿ ಎಷ್ಟು ಸಲ ನೋಡಿದ್ದರೋ. ನನ್ನ ಮಗಳು ಟಿ.ವಿ. ಬಿಟ್ಟು ಅಜ್ಜನ ಬಾಯನ್ನೇ ನೋಡತೊಡಗಿದಳು. ನಡುವೆ, ‘ಮುತ್ಯಾ, ಹಂಗಂದ್ರ ಏನು?’ ಎಂದು ಒಂದು ಶಬ್ದದ ಅರ್ಥ ಕೇಳಿದಳು. ಅಪ್ಪ ಚಿತ್ರ ನಿಲ್ಲಿಸಲು ಹೇಳಿ, ಆ ಶಬ್ದವನ್ನು ಮಹಾಪ್ರಾಣಕ್ಕೆ ಒತ್ತು ಕೊಟ್ಟು ಅವಳಿಂದ ಮೂರು ಸಲ ಅನ್ನಿಸಿ, ಅರ್ಥ ಹೇಳಿ, ‘ಹೂಂ, ಈಗ ಹಚ್ಚು’ ಎಂದರು. ಎರಡೂವರೆ ಗಂಟೆಯ ಚಿತ್ರ ಅಂದು ನಾಲ್ಕು ಗಂಟೆ ನಡೆಯಿತು. ಬಾಲ್ಕನಿಗೆ ಅವರು ಈಗಲೂ ಹೋಗುತ್ತಾರೆ, ತುಳಸಿಗೆ ನೀರು ಹಾಕಲು.

ನನ್ನ ಸಮಯ ಮುಗಿಯಿತೆಂದು ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಈ ಸಭಾಂಗಣದ ಎರಡು ದೊಡ್ಡ ಪೆಟ್ಟಿಗೆಗಳೂ ವೇದಿಕೆಯ ಮೂಲೆಗಳಲ್ಲಿಯೇ ಇವೆ, ಹಿಂದಿನ ಸಾಲಿನ ಹಿರಿಯರು ಆಗಿನಿಂದ ಕಿವಿಗೆ ಕೈ ಹಚ್ಚಿ ಕೂತಿದ್ದಾರೆ. ಅಧ್ಯಕ್ಷರು ಅಪ್ಪಣೆ ಕೊಟ್ಟರೆ ಉಪಾಹಾರವಾದ ಮೇಲೆ ಇಬ್ಬರು ತರುಣರನ್ನು ಕರೆದುಕೊಂಡು ಅವನ್ನು ಸರಿಸಿ ನೋಡುತ್ತೇನೆ. ಮನೆಯಲ್ಲಿ ಪ್ರಯತ್ನಿಸಬೇಕೆನ್ನುವವರಿಗೆ ಅಳತೆಯ ಟೇಪನ್ನೂ ಸ್ವರಗಳ ಪಟ್ಟಿಯನ್ನೂ ಕೊಡುತ್ತೇನೆ. ಮೊಣಕಾಲು ಮಾತ್ರ ನಿಮ್ಮದೇ ಆಗಬೇಕು.